ಮನೆಯ ದನಿಗೆ ಎಷ್ಟು ದೊಡ್ಡ ಯಂತ್ರ ಬೇಕು?

ಈ ತಿಂಗಳ ಅಂಕಣವನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನನ್ನ ಅಕ್ಕನಿಗೆ ಈಗ 78 ವರ್ಷ. ಬೀಸುವ ಹಾಡು, ಸೋಬಾನೆ, ತೊಟ್ಟಿಲ ಹಾಡುಗಳಲ್ಲದೆ, ನಮ್ಮ ತಂದೆಯವರು ಹಾರ್ಮೋನಿಯಂ ಮುಂದೆ ಕೂಡಿಸಿಕೊಂಡು ಕಲಿಸಿದ ವಚನಗಳೂ ಅವಳಿಗೆ ಕಂಠಸ್ಥವಾಗಿವೆ. ವಚನಗಳ ಸಾಹಿತ್ಯವೇನೋ ಪುಸ್ತಕದಲ್ಲಿ ದೊರೆತೀತು. ತಂದೆಯವರು ಕೂಡಿಸಿದ ಧಾಟಿ ಮಾತ್ರ ಅವಳ ಕಂಠದ ಹೊರತು ಬೇರೆಲ್ಲಿಯೂ ಇಲ್ಲ. ಇವನ್ನೆಲ್ಲ ಮನೆಯಲ್ಲಿಯೇ ಧ್ವನಿಮುದ್ರಿಸಿ ಇಡಬೇಕೆಂದು 2024ರ ಶ್ರಾವಣದಲ್ಲಿ ನಾವೆಲ್ಲ ಕುಳಿತು ನಿಶ್ಚಯಿಸಿದೆವು. ಮುದ್ರಣ ಮೊದಲಾದುದು ಮರುವರ್ಷ ಯುಗಾದಿ ಕಳೆದ ಮೇಲೆ. ನಡುವಿನ ತಿಂಗಳುಗಳೆಲ್ಲ ವ್ಯಯವಾದುದು ಯಾವ ಕಂಪ್ಯೂಟರ್ ಕೊಳ್ಳಬೇಕೆಂಬ ಚರ್ಚೆಯಲ್ಲಿ!

ಅಕ್ಕನ ಮೊಮ್ಮಗ ಅಂಗಡಿಯೊಂದರಿಂದ ಬರೆಸಿಕೊಂಡು ಬಂದ ಪಟ್ಟಿಯ ಮೊತ್ತ 1,12,000 ರೂಪಾಯಿ. ಅದರಲ್ಲಿ 42,000 ರೂಪಾಯಿ ಗ್ರಾಫಿಕ್ಸ್ ಕಾರ್ಡ್ ಎಂಬ ಒಂದೇ ಭಾಗಕ್ಕೆ. ಉಳಿತಾಯ ಸಾಲದಾದರೆ 18 ಕಂತುಗಳಲ್ಲಿ ತೀರಿಸಬಹುದೆಂದು ಅಂಗಡಿಯವರ ಸಲಹೆ. ಅಳಿಯನಿಗೆ ಕಂತಿನ ಸಾಲ ಇಷ್ಟವಿಲ್ಲ. ಮಗನ ಮಾತನ್ನು ತೆಗೆದುಹಾಕುವ ಮನಸ್ಸೂ ಇಲ್ಲ. ದೀಪಾವಳಿಗೆ ಕೊಂಡರಾಯಿತು ಎಂದೆವು, ಅನಂತರ ಸಂಕ್ರಮಣಕ್ಕೆ ಎಂದೆವು. ಆ ಚಳಿಗಾಲದಲ್ಲಿ ಅಕ್ಕನಿಗೆ ಹಿಡಿದ ಕೆಮ್ಮು ಎರಡು ತಿಂಗಳು ಬಿಡಲಿಲ್ಲ.

ಕೊನೆಗೆ ದಾರಿ ತೋರಿದವರು ಹುಬ್ಬಳ್ಳಿಯಲ್ಲಿ ಭಕ್ತಿಗೀತೆಗಳ ಮುದ್ರಣಶಾಲೆ ನಡೆಸುವ ತರುಣರೊಬ್ಬರು. ಪಟ್ಟಿಯನ್ನು ನೋಡಿ ನಕ್ಕು, "ಅಜ್ಜಾರ, ಇದು ಆಟ ಆಡೂ ಹುಡುಗರ ಯಂತ್ರ ಐತ್ರಿ. ಹಾಡಿಗೆ ಚಿತ್ರದ ಕಾರ್ಡ್ ಏನ್ ಮಾಡ್ತೀರಿ?" ಎಂದರು. ಅವರು ಅಂದು ಒಂದು ತಾಸು ತಿಳಿಸಿ ಹೇಳಿದುದನ್ನು, ಅನಂತರ ನಾವು ಸ್ವತಃ ಅನುಭವಿಸಿ ಕಂಡುದನ್ನು ಸೇರಿಸಿ ಇಲ್ಲಿ ನಿವೇದಿಸುತ್ತಿದ್ದೇನೆ. ಮಕ್ಕಳಿಗೆ ಸಂಗೀತ ಕಲಿಸುತ್ತಿರುವ ಮನೆಗಳಿಗೂ ಇದು ಉಪಯೋಗಕ್ಕೆ ಬಂದೀತು.

ಧ್ವನಿಯೆಂಬುದು ಕಂಪ್ಯೂಟರಿಗೆ ಹಗುರವಾದ ಹೊರೆ. ಮೈಕಿನಿಂದ ಬಂದ ದನಿಯನ್ನು ಯಂತ್ರವು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 24 ಬಿಟ್‌ಗಳಲ್ಲಿ ಬರೆದಿಡುತ್ತದೆ. ಕೇಳಲು ಇದು ಭಾರಿ ಕೆಲಸದಂತೆ ತೋರಿದರೂ ಲೆಕ್ಕ ಹಾಕಿ ನೋಡಿರಿ: ಒಂದು ಕಂಠದ ಒಂದು ಗಂಟೆಯ ಹಾಡಿಕೆ ಸುಮಾರು 520 ಎಂಬಿ, ಎಂದರೆ ಅರ್ಧ ಜಿಬಿಯಷ್ಟೇ. ಹಾಗಾದರೆ ಕಷ್ಟವಿರುವುದು ಎಲ್ಲಿ? ಸಮಯಪಾಲನೆಯಲ್ಲಿ. ದಾಸೋಹದ ಪಂಕ್ತಿಯನ್ನು ನೆನೆಯಿರಿ. ಬಡಿಸುವವನ ಕೈಯಲ್ಲಿ ಚಿಕ್ಕ ಪಾತ್ರೆಯಿದ್ದರೆ ಅದು ಬೇಗ ತುಂಬುತ್ತದೆ, ಎಲೆಗೆ ಬೇಗ ಬಡಿಸಬಹುದು. ಆದರೆ ಅಡುಗೆಮನೆಗೆ ಮತ್ತೆ ಮತ್ತೆ ಓಡಬೇಕು, ಒಮ್ಮೆ ತಡವಾದರೂ ಎಲೆ ಬರಿದಾಗುತ್ತದೆ. ದೊಡ್ಡ ಪಾತ್ರೆಯಾದರೆ ಓಡಾಟ ಕಡಿಮೆ, ಆದರೆ ಅದು ತುಂಬುವವರೆಗೆ ಪಂಕ್ತಿ ಕಾಯಬೇಕು. ಕಂಪ್ಯೂಟರಿನೊಳಗೂ ಇಂತಹ ಒಂದು ಪಾತ್ರೆಯಿದೆ. ಅದಕ್ಕೆ ಬಫರ್ ಎನ್ನುತ್ತಾರೆ. 128 ಅಳತೆಗಳ ಬಫರ್ ತುಂಬಲು ಸೆಕೆಂಡಿನ ಸಾವಿರದಲ್ಲಿ ಮೂರು ಪಾಲೂ ಬೇಡ. 1,024ರದಾದರೆ ಸಾವಿರದಲ್ಲಿ 21 ಪಾಲು. ದನಿ ಒಳಗೆ ಬಂದು ಕಿವಿಗೆ ಮರಳುವಷ್ಟರಲ್ಲಿ ಈ ವಿಳಂಬ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಬಲಹೀನ ಯಂತ್ರವು ಚಿಕ್ಕ ಬಫರಿನಲ್ಲಿ ತಡವರಿಸಿ, ಮುದ್ರಣದ ನಡುವೆ ಚಟಚಟ ಸದ್ದು ಬರುತ್ತದೆ.

ಇದಕ್ಕೊಂದು ಸುಲಭ ಉಪಾಯವುಂಟು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ, ಹಾಡುವವರ ದನಿಯನ್ನು ಕಂಪ್ಯೂಟರನ್ನು ಸುತ್ತಿ ಬರಗೊಡದೆ ನೇರವಾಗಿ ಕಿವಿಗೆ ಮರಳಿಸುವ ಗುಂಡಿಯಿರುತ್ತದೆ. ಅದನ್ನು ಒತ್ತಿಕೊಂಡರೆ ಬಫರ್ ಎಷ್ಟು ದೊಡ್ಡದಿದ್ದರೂ ಹಾಡುವವರಿಗೆ ತೊಂದರೆಯಿಲ್ಲ. ಒಂದೆರಡು ಕಂಠ, ಒಂದು ಹಾರ್ಮೋನಿಯಂ ಮುದ್ರಿಸುವ ಮನೆಗೆ ಹಳೆಯ ಅಗ್ಗದ ಯಂತ್ರ ಸಾಕಾಗುವ ಗುಟ್ಟು ಇದೇ. ಕಂಪ್ಯೂಟರಿನೊಳಗೇ ತಂಬೂರಿ, ತಬಲಾ, ಪಿಟೀಲುಗಳನ್ನು ನುಡಿಸಿ ಹತ್ತಿಪ್ಪತ್ತು ಪದರುಗಳನ್ನು ಕೂಡಿಸುವವರ ಮಾತು ಬೇರೆ. ಆ ವಾದ್ಯಗಳ ದನಿಗಳೆಲ್ಲ ರ‍್ಯಾಮ್‌ನಲ್ಲಿ ತುಂಬಿಕೊಳ್ಳುವುದರಿಂದ ಅವರಿಗೆ 16 ಜಿಬಿ ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು.

ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ತರಿಸಿದೆವು. ಕಚೇರಿಯೊಂದರಲ್ಲಿ ಬಳಸಿ ಬಿಟ್ಟುದು; ಎಂಟನೆಯ ಪೀಳಿಗೆಯ ಐ-5 ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಬೆಲೆ 21,500 ರೂಪಾಯಿ. ಇಂಟರ್‌ಫೇಸಿಗೆ 9,200, ಡೈನಾಮಿಕ್ ಮೈಕಿಗೆ 4,300, ಹೆಡ್‌ಫೋನ್, ಸ್ಟ್ಯಾಂಡ್, ತಂತಿಗಳಿಗೆ 3,000, ಒಟ್ಟು 38,000. ಕಂತಿನ ಪ್ರಶ್ನೆಯೇ ಏಳಲಿಲ್ಲ. ಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶವಿದೆ. 2000ರಲ್ಲಿ ಹೊರಬಂದ ಅದನ್ನು ಇಂದಿಗೂ ಕಾಸಿಲ್ಲದೆ ಪಡೆಯಬಹುದು. ಮೇಜಿನ ಕಂಪ್ಯೂಟರಿಗಿಂತ ಲ್ಯಾಪ್‌ಟಾಪೇ ಲೇಸೆಂದು ನನ್ನ ಅಭಿಪ್ರಾಯ. ನಡುವೆ ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ.

ಹಳೆಯದನ್ನು ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಪ್ರೊಸೆಸರ್ ಎಂಟನೆಯ ಪೀಳಿಗೆಗಿಂತ ಹಿಂದಿನದಾದರೆ ವಿಂಡೋಸ್ 11 ಅದಕ್ಕೆ ಸಾಮಾನ್ಯವಾಗಿ ಒಗ್ಗದು. ಅಂತಹ ಯಂತ್ರ ತೀರ ಅಗ್ಗಕ್ಕೆ ದೊರೆತರೆ ಲಿನಕ್ಸ್ ಹಾಕಿಸಿಕೊಳ್ಳಬಹುದು. ಆಡಾಸಿಟಿ ಅದರಲ್ಲಿಯೂ ನಡೆಯುತ್ತದೆ. ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿರಿ. ವೇಗವೂ ಹೆಚ್ಚುತ್ತದೆ, ಸದ್ದೂ ಇರುವುದಿಲ್ಲ. ಸ್ವಲ್ಪ ಹೆಚ್ಚು ಹಣ ಹಾಕಬಲ್ಲವರು 2020ರಲ್ಲಿ ಬಂದ ಎಂ-1 ಮ್ಯಾಕ್‌ಬುಕ್ ಏರ್ ಹಳೆಯದು ಸಿಕ್ಕರೆ ನೋಡಬಹುದು. ಅದರಲ್ಲಿ ಫ್ಯಾನೇ ಇಲ್ಲ. ಗ್ಯಾರೇಜ್‌ಬ್ಯಾಂಡ್ ತಂತ್ರಾಂಶವೂ ಉಚಿತ. ಆದರೆ ರ‍್ಯಾಮನ್ನು ಮುಂದೆ ಹೆಚ್ಚಿಸಲು ಬಾರದು.

ಫ್ಯಾನಿನ ಮಾತು ಸುಮ್ಮನೆ ಎತ್ತಲಿಲ್ಲ. ನಮ್ಮ ಮೊದಲ ದಿನದ ಮುದ್ರಣವೆಲ್ಲ ವ್ಯರ್ಥವಾಯಿತು. ಅಕ್ಕನ ದನಿಯ ಹಿಂದೆ ಲ್ಯಾಪ್‌ಟಾಪಿನ ಫ್ಯಾನು, ಅದರ ಹಿಂದೆ ಪಡಸಾಲೆಯ ಫ್ಯಾನು, ಎಲ್ಲಕ್ಕೂ ಹಿಂದೆ ಕುಕ್ಕರಿನ ಸೀಟಿ! ಲಕ್ಷ ರೂಪಾಯಿಯ ಯಂತ್ರ ತಂದಿದ್ದರೂ ಇವೆಲ್ಲವೂ ಹಾಗೆಯೇ ಕೇಳಿಸುತ್ತಿದ್ದವು. ಆದುದರಿಂದ ಕಾಳಿನ ಕೋಣೆಯನ್ನು ತೆರವು ಮಾಡಿ, ಅಕ್ಕನೇ ಹೊಲಿದ ಐದು ಕೌದಿಗಳನ್ನು ಗೋಡೆಗಳಿಗೆ ಇಳಿಬಿಟ್ಟೆವು. ಲ್ಯಾಪ್‌ಟಾಪ್ ಬಾಗಿಲ ಹೊರಗೆ, ಮೈಕು ಉದ್ದನೆಯ ತಂತಿಯಲ್ಲಿ ಒಳಗೆ. ಚಾರ್ಜರ್ ಸಿಕ್ಕಿಸಿದಾಗ ಬರುತ್ತಿದ್ದ ಗುಂಯ್‌ ಎಂಬ ಸದ್ದು ಅದನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದಾಗ ನಿಂತಿತು. ವೈ-ಫೈಯನ್ನೂ ಆರಿಸಿದೆವು.

ಆದರೂ ಅಕ್ಕ ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟಳು. "ಅಲ್ಲೋ ಯಪ್ಪಾ, ನನ್ನ ಬೆನ್ನಹಿಂದ ಯಾರೋ ಹಾಡಾಕತ್ತಾರ. ಅವರು ಸುಮ್ಮನಾಗೂತನಕ ನಾ ಹ್ಯಾಂಗ ಹಾಡ್ಲಿ?" ಎಂದು ಮೊಮ್ಮಗನನ್ನು ಕೇಳಿದಳು. ಇಂಟರ್‌ಫೇಸಿನ ಆ ಗುಂಡಿಯನ್ನು ಒತ್ತಲು ನಾವು ಮರೆತಿದ್ದೆವು. ಒತ್ತಿ, ತಂತ್ರಾಂಶದಿಂದ ಮರಳುತ್ತಿದ್ದ ದನಿಯನ್ನೂ ಆರಿಸಿದ ಮೇಲೆ ಬೆನ್ನ ಹಿಂದಿನವರು ಸುಮ್ಮನಾದರು.

ಅಂದಿನಿಂದ ಭಾನುವಾರ ಭಾನುವಾರ 54 ಹಾಡುಗಳು ಮುದ್ರಣಗೊಂಡಿವೆ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಮತ್ತೊಂದು ಹೊರಗಿನ ಡಿಸ್ಕಿನಲ್ಲಿ, ಮೂರನೆಯದು ಹುಬ್ಬಳ್ಳಿಯಲ್ಲಿರುವ ಅಳಿಯನ ಮನೆಯಲ್ಲಿ. ತಂದೆಯವರ ಧಾಟಿಯ ವಚನಗಳಲ್ಲಿ ಒಂಬತ್ತು ದೊರೆತವು. ಹತ್ತನೆಯದು ತಾರಸ್ಥಾಯಿಗೆ ಏರುವಂತಹದು. ಶ್ರಾವಣದಲ್ಲಿ, ನಾವು ನಿಶ್ಚಯ ಮಾಡಿದ ದಿನ, ಅಕ್ಕ ಅದನ್ನು ನಮ್ಮೆದುರಿಗೇ ಪೂರ್ತಿ ಹಾಡಿದ್ದಳು. ಕೆಮ್ಮಿನ ನಂತರ ದನಿ ಅಲ್ಲಿಗೆ ಏರುತ್ತಿಲ್ಲ. ನಾಲ್ಕು ಸಲ ಪ್ರಯತ್ನಿಸಿ, "ಇದನ್ನ ಬಿಡ್ರಿ, ತೊಟ್ಟಿಲದ್ದು ಹಾಡ್ತೀನಿ" ಎಂದಳು. ಆ ನಾಲ್ಕು ಅರೆಹಾಡುಗಳನ್ನೂ ಮೊಮ್ಮಗ ಅಳಿಸದೆ ಇಟ್ಟಿದ್ದಾನೆ.