ಹಸಿ ಸೌದೆಯ ಭಾರ, ಹಳೆಯ ಟ್ರೇಲರಿನ ಬಲ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು ಮತ್ತು ಅದರ ಸುತ್ತಲಿನ ಗ್ರಾಮಗಳಲ್ಲಿ ಸೌದೆಯು ಕೇವಲ ಮನೆಯ ಒಲೆಗೆ ಸಂಬಂಧಿಸಿದ ವಸ್ತುವಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಗೂಡು ಬೇಯಿಸುವ ನೀರಿಗೂ ಸೌದೆಯ ಉರಿ ಬೇಕು. ಮದುವೆ, ಜಾತ್ರೆಗಳ ಅಡುಗೆಗೂ ಬೇಕು. ಎತ್ತಿನ ಗಾಡಿಗಳು ಮರೆಯಾದಂತೆ ಈ ಸಾಗಣೆಯ ಹೊಣೆ ಟ್ರ್ಯಾಕ್ಟರಿನ ಮೇಲೆ ಬಿದ್ದಿದೆ. ಹೊಸ ಟ್ರೇಲರ್ ಕೊಳ್ಳಲಾಗದ ಸಣ್ಣ ರೈತನು ಹಳೆಯ ಟಿಪ್ಪಿಂಗ್ ಟ್ರೇಲರನ್ನು ಅರಸುವುದು ಸಹಜವೇ. ಆದರೆ ಕೊಳ್ಳುವವರು ಬೆಲೆಯನ್ನು ಕೇಳುತ್ತಾರೆಯೇ ಹೊರತು, ಅದು ಎಷ್ಟು ಭಾರವನ್ನು ತಾಳೀತು ಎಂದು ಕೇಳುವುದು ಅಪರೂಪ.

ಒಂದು ಸರಳ ಲೆಕ್ಕವನ್ನು ನೋಡಬಹುದು. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಲ್ಲಿ 120 ಘನ ಅಡಿ ಜಾಗವಿದೆ. ಕೊರಡುಗಳ ನಡುವಿನ ಸಂದುಗಳನ್ನು ಕಳೆದರೆ ಉಳಿಯುವುದು ಸುಮಾರು 2 ಘನ ಮೀಟರ್ ಮರ. ಆಗತಾನೇ ಕಡಿದ ನೀಲಗಿರಿಯಾದರೆ ಅದರ ತೂಕ ಸುಮಾರು 2 ಟನ್. ಹಲಗೆಯ ಮೇಲೆ ಗೂಟ ನಿಲ್ಲಿಸಿ ಮತ್ತೆರಡು ಅಡಿ ಪೇರಿಸಿದರೆ 4 ಟನ್. ಟ್ರೇಲರಿನ ಸ್ವಂತ ತೂಕ ಸೇರಿದರೆ 5 ಟನ್. ಇದನ್ನು ಎಳೆಯುವ ಟ್ರ್ಯಾಕ್ಟರಿನ ತೂಕ 2 ಟನ್ನಿನ ಆಸುಪಾಸು. ಎಳೆಯುವ ಶಕ್ತಿ ಅದಕ್ಕಿದೆ, ತಡೆಯುವ ಶಕ್ತಿ ಇಲ್ಲ. ನಮ್ಮ ಹಳ್ಳಿಗಳ ಬಹುತೇಕ ಟ್ರೇಲರುಗಳಿಗೆ ಬ್ರೇಕೇ ಇರುವುದಿಲ್ಲ. ಇಳಿಜಾರಿನಲ್ಲಿ ಹಿಂದಿನ ಭಾರವು ಟ್ರ್ಯಾಕ್ಟರನ್ನು ಮುಂದಕ್ಕೆ ದೂಡಿ, ಅಡ್ಡ ತಿರುಗಿಸಿ, ಮಗುಚಿಬಿಡುತ್ತದೆ.

ಇದಕ್ಕೆ ಪರಿಹಾರವು ದೊಡ್ಡ ಟ್ರ್ಯಾಕ್ಟರಿನಲ್ಲಿಲ್ಲ, ಬಿಸಿಲಿನಲ್ಲಿದೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರು. ಕಡಿದ ಸೌದೆಯನ್ನು ಸೀಳಿ, ಗಾಳಿಯಾಡುವಂತೆ ಅಟ್ಟಿ ಹಾಕಿ ಒಂದು ಬೇಸಿಗೆ ಒಣಗಿಸಿದರೆ 4 ಟನ್ ಹೇರು ಎರಡೂವರೆ ಟನ್ನಿಗೆ ಇಳಿಯುತ್ತದೆ. ಒಣ ಸೌದೆಯ ಉರಿಯು ನೀರನ್ನು ಆವಿಯಾಗಿಸುವುದರಲ್ಲಿ ವ್ಯರ್ಥವಾಗದು. ಹೊಗೆ ಕಡಿಮೆ, ಬೇಕಾಗುವ ಮರವೂ ಕಡಿಮೆ. ಚಾಲಕನ ಜೀವವನ್ನು ಉಳಿಸುವ ಉಪಾಯವೇ ಮರವನ್ನೂ ಉಳಿಸುತ್ತದೆ.

ಹಳೆಯ ಟ್ರೇಲರನ್ನು ನೋಡಲು ಹೋದಾಗ ಹೊಸ ಬಣ್ಣಕ್ಕೆ ಮರುಳಾಗಬಾರದು. ವೆಲ್ಡಿಂಗಿನ ಬಿರುಕುಗಳು ಅಡಗುವುದು ಬಣ್ಣದ ಕೆಳಗೆಯೇ. ಚಾಸಿಯ ಮೂಲೆಗಳು, ಕೊಂಡಿಯ ಬಳೆಯ ಸವೆತ, ತೊಟ್ಟಿಯ ಹಿಂಬದಿಯ ಕೀಲುಗಳನ್ನು ಪರೀಕ್ಷಿಸಬೇಕು. ಟಯರುಗಳು ಒಂದೇ ಕಡೆ ಸವೆದಿದ್ದರೆ ಆಕ್ಸಲ್ ಬಾಗಿರುವ ಸಂಭವವುಂಟು. ಭಾರ ತುಂಬಿದ ತೊಟ್ಟಿಯನ್ನು ಅರ್ಧಕ್ಕೆ ಎತ್ತಿಸಿ ಕೆಲಹೊತ್ತು ನಿಲ್ಲಿಸಬೇಕು. ತಾನಾಗಿ ಕುಸಿದರೆ ಜಾಕಿನಲ್ಲಿ ದೋಷವಿದೆ. ಎತ್ತಿದ ತೊಟ್ಟಿಗೆ ಗಟ್ಟಿಯಾದ ಆಸರೆ ಕೊಡದೆ ಅದರ ಕೆಳಗೆ ತಲೆ ಹಾಕುವುದು ಪ್ರಾಣಾಪಾಯಕರ.

ಕಾಗದಪತ್ರಗಳೂ ಅಷ್ಟೇ ಮುಖ್ಯ. 1988ರ ಮೋಟಾರು ವಾಹನಗಳ ಕಾಯ್ದೆಯಂತೆ ಟ್ರೇಲರ್ ಪ್ರತ್ಯೇಕ ವಾಹನ. ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಬೇಕು. ಚಾಸಿ ಸಂಖ್ಯೆಯನ್ನು ಪುಸ್ತಕದೊಡನೆ ತಾಳೆ ನೋಡಿ, ಬ್ಯಾಂಕಿನ ಸಾಲ ತೀರಿದೆಯೇ ಎಂದು ವಿಚಾರಿಸಿ, 30 ದಿನಗಳೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಟ್ರ್ಯಾಕ್ಟರಿಗಷ್ಟೇ ವಿಮೆ ಮಾಡಿಸಿ ಟ್ರೇಲರನ್ನು ಬಿಟ್ಟರೆ ಅವಘಡದ ದಿನ ಸಂಸಾರ ಬೀದಿಗೆ ಬಂದೀತು.

ದಾರಿಯಲ್ಲಿ ಪಾಲಿಸಬೇಕಾದ ನಿಯಮಗಳು ಕೆಲವೇ. ಎರಡೂ ಬ್ರೇಕ್ ಪೆಡಲುಗಳನ್ನು ಜೋಡಿಸಿರಬೇಕು. ಇಳಿಜಾರು ತೊಡಗುವ ಮುನ್ನವೇ ಕೆಳಗಿನ ಗೇರಿಗೆ ಬರಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಲೇಬಾರದು. ಕೊಂಡಿಯ ಪಿನ್ನಿಗೆ ಲಾಕ್ ಇರಬೇಕು, ಜೊತೆಗೆ ಸರಪಳಿ ಇದ್ದರೆ ಒಳಿತು. ಹಿಂಬದಿಯಲ್ಲಿ ಕೆಂಪು ದೀಪ, ಹೊಳೆಯುವ ಪಟ್ಟಿ ಬೇಕು, ಕೊರಡುಗಳು ಹೊರಚಾಚಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಸೌದೆಯ ಮೇಲೆ ಕೂಲಿಯವರನ್ನು ಕೂರಿಸುವ ರೂಢಿಯಂತೂ ನಿಲ್ಲಲೇಬೇಕು. 2022ರ ಅಕ್ಟೋಬರ್ 1ರಂದು ಕಾನ್ಪುರದ ಬಳಿ ಯಾತ್ರಿಕರಿದ್ದ ಟ್ರೇಲರ್ ಕೊಳಕ್ಕೆ ಉರುಳಿ 26 ಜನ ಸತ್ತರು. ಸರಕಿಗಾಗಿ ಮಾಡಿದ ತೊಟ್ಟಿ ಜನರನ್ನು ಕಾಯದು.

ಇನ್ನು ಆ ತೊಟ್ಟಿಗೆ ತುಂಬುವುದು ಯಾವ ಮರವನ್ನು? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮೊದಲಾದ ಕೆಲವಕ್ಕಷ್ಟೇ ವಿನಾಯಿತಿ ನೀಡಿದೆ. ಉಳಿದವನ್ನು ಕಡಿಯುವ ಮುನ್ನ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಸಾಲ ಮಾಡಿ ಕೊಂಡ ದೊಡ್ಡ ಟ್ರೇಲರ್ ಖಾಲಿ ನಿಲ್ಲಲಾರದು. ಕಂತು ಕಟ್ಟಲು ಬಾಡಿಗೆ ಬೇಕು, ಬಾಡಿಗೆಗೆ ಸೌದೆ ಬೇಕು; ಹೊಲದ ಬದುವಿನ ಮರ ಮುಗಿದೊಡನೆ ಕಣ್ಣು ಬೆಟ್ಟದ ಕಡೆ ಹೊರಳುತ್ತದೆ. ಆದುದರಿಂದ ತನ್ನ ಬದುವಿನ ಮರ, ತೆಂಗಿನ ಮಟ್ಟೆ, ಹಿಪ್ಪುನೇರಳೆ ಕಡ್ಡಿಗಳು ವರ್ಷಕ್ಕೆ ಎಷ್ಟು ದೊರೆಯುತ್ತವೆಂದು ಅಂದಾಜು ಮಾಡಿ, ಅದಕ್ಕೆ ತಕ್ಕ ಗಾತ್ರದ ಟ್ರೇಲರನ್ನು ಕೊಳ್ಳುವುದೇ ವಿವೇಕ. ನಾಲ್ಕು ಮನೆಯವರು ಸೇರಿ ಒಂದನ್ನು ಕೊಂಡರೆ ಇನ್ನೂ ಮೇಲು. ಆಗ ಸೌದೆಗೆ ಒಣಗುವಷ್ಟು ಕಾಲವೂ, ಬೆಟ್ಟದ ಮರಕ್ಕೆ ಚಿಗುರುವಷ್ಟು ಬಿಡುವೂ ದೊರೆಯುತ್ತದೆ.