ಶಾಲೆಗೆ ಧರ್ಮದ ಪಾಠ ಬಂದರೆ ನಮ್ಮೂರ ಮಾರಮ್ಮ ಎಲ್ಲಿ?

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಧರ್ಮದ ಪಾಠ ಬೇಕು ಎಂಬ ಮಾತು ಆಗಾಗ ಏಳುತ್ತದೆ. 2022ರಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿವರೆಗೆ ಭಗವದ್ಗೀತೆ ಕಲಿಸುತ್ತೇವೆ ಎಂದಿತು. ಅದರ ಬೆನ್ನಿಗೇ ಇಲ್ಲಿ ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್ ನೈತಿಕ ಶಿಕ್ಷಣದ ಮಾತೆತ್ತಿದರು. ಸರ್ಕಾರ ಬದಲಾಯಿತು, ಮಾತು ನಿಂತಿಲ್ಲ. ಅರಳಿಕಟ್ಟೆಯಲ್ಲೂ ವಾಟ್ಸಾಪ್‌ನಲ್ಲೂ ಅದೇ ಪ್ರಶ್ನೆ: "ಮಕ್ಕಳು ಹಾಳಾಗ್ತಿದಾವೆ, ನಾಲ್ಕು ಒಳ್ಳೆ ಮಾತು ಹೇಳ್ಕೊಟ್ರೆ ತಪ್ಪೇನು?"

ಒಳ್ಳೆ ಮಾತು ಹೇಳಿದರೆ ತಪ್ಪಿಲ್ಲ. ಆದರೆ ಒಳ್ಳೆ ಮಾತು ಬೇರೆ, ಧರ್ಮಬೋಧನೆ ಬೇರೆ. ಎರಡನೆಯದನ್ನು ನಾವು ವಿರೋಧಿಸುತ್ತೇವೆ. ದೇವರ ಮೇಲಿನ ಸಿಟ್ಟಿನಿಂದಲ್ಲ. ನಮ್ಮೂರ ತೇರನ್ನು ನಾವೂ ಎಳೆಯುತ್ತೇವೆ.

ಯಾವುದಾದರೂ ಒಂದು ಊರನ್ನು ನೋಡಿ. ಊರಬಾಗಿಲಲ್ಲಿ ಹನುಮಪ್ಪ, ಕೆರೆ ಏರಿ ಮೇಲೆ ದುರ್ಗಮ್ಮ, ಓಣಿಯಲ್ಲಿ ಮಸೀದಿ. ಒಂದು ಮನೆಯಲ್ಲಿ ಮಾರಮ್ಮನಿಗೆ ಕೋಳಿ ಕೊಯ್ಯುತ್ತಾರೆ, ಪಕ್ಕದ ಮನೆಯಲ್ಲಿ ಲಿಂಗಪೂಜೆ ಆಗದೆ ತುತ್ತು ಎತ್ತುವುದಿಲ್ಲ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರಿಗೆ ಸಕ್ಕರೆ ಓದಿಸಲು ಹಿಂದೂಗಳೂ ಸಾಲು ನಿಲ್ಲುತ್ತಾರೆ.

ಇದರಲ್ಲಿ ಯಾವುದು ಪಠ್ಯಪುಸ್ತಕ ಸೇರುತ್ತದೆ? ಮಾರಮ್ಮ ಅಂತೂ ಸೇರುವುದಿಲ್ಲ. ಗ್ರಂಥವಿರುವ, ವಿಧಾನಸೌಧದಲ್ಲಿ ಮಾತು ನಡೆಯುವ ಧರ್ಮ ಮಾತ್ರ ಪಾಠವಾಗುತ್ತದೆ. ಉಳಿದದ್ದು ಕೀಳು ಎನಿಸಿಕೊಳ್ಳುತ್ತದೆ. "ಅಜ್ಜಿ, ನೀನು ಮಾಡೋ ಪೂಜೆ ಸರಿಯಿಲ್ಲವಂತೆ" ಎಂದು ಮಗು ಮನೆಗೆ ಬಂದು ಹೇಳಿದರೆ ಏನು ಉತ್ತರ ಕೊಡುತ್ತೀರಿ?

ಇದು ಬರೀ ಊಹೆಯಲ್ಲ. 2021ರಲ್ಲಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡವೆಂದು ಪಟ್ಟು ಹಿಡಿದರು. ಮಕ್ಕಳ ತಟ್ಟೆಗೇ ಕೈ ಹಾಕಿದವರು ಪಾಠವನ್ನು ಬಿಟ್ಟಾರೆಯೇ?

ಇನ್ನು ಮೂವತ್ತು ಮಕ್ಕಳ ತರಗತಿಯಲ್ಲಿ ಬೇರೆ ಧರ್ಮದ ಇಬ್ಬರಿದ್ದಾರೆ ಎನ್ನಿ. "ನೀವಿಬ್ರೂ ಹೊರಗೆ ಆಡ್ಕೊಳ್ಳಿ" ಎಂದು ಮೇಷ್ಟ್ರು ಪ್ರೀತಿಯಿಂದಲೇ ಹೇಳಬಹುದು. ಆದರೆ ತಾನು ಹೊರಗಿನವನು ಎಂಬ ಪಾಠ ಏಳು ವರ್ಷದ ಮಗುವಿಗೆ ಅಂದೇ ಬಾಯಿಪಾಠವಾಗುತ್ತದೆ.

ಸಂವಿಧಾನದ 28ನೇ ವಿಧಿ ನೇರವಾಗಿದೆ: ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. "ಮದರಸಾದಲ್ಲಿ, ಕಾನ್ವೆಂಟಿನಲ್ಲಿ ಕಲಿಸ್ತಾರಲ್ಲ?" ಎನ್ನುತ್ತೀರಿ. ಖಾಸಗಿಯವರು ಕಲಿಸಬಹುದು, ಮಠದ ಶಾಲೆಯೂ ಕಲಿಸಬಹುದು. ಆದರೆ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದಿದ್ದರೆ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಆ ಪಾಠಕ್ಕೆ ಕೂರಿಸುವಂತಿಲ್ಲ. ನಿಯಮ ಎಲ್ಲ ಧರ್ಮಕ್ಕೂ ಒಂದೇ.

ಹಾಗಾದರೆ ಧರ್ಮದ ಸುದ್ದಿಯೇ ಬೇಡವೇ? ಬೇಕು. ಧರ್ಮಗಳ ಬಗ್ಗೆ ತಿಳಿಸುವುದು ತಪ್ಪಲ್ಲ ಎಂದು 2002ರಲ್ಲೇ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬುದ್ಧ, ಬಸವಣ್ಣ, ಕನಕದಾಸರ ಬಗ್ಗೆ ಮಕ್ಕಳು ಓದಲಿ. ಶಿಶುನಾಳ ಷರೀಫರ ಗುರು ಗೋವಿಂದ ಭಟ್ಟರು ಎಂಬುದೂ ಗೊತ್ತಾಗಲಿ. "ಜನ ಹೀಗೆ ನಂಬುತ್ತಾರೆ" ಎಂದರೆ ಅದು ತಿಳಿವಳಿಕೆ. "ನೀನೂ ಹೀಗೇ ನಂಬು" ಎಂದರೆ ಬೋಧನೆ. ಗೆರೆ ಇರುವುದು ಇಲ್ಲೇ.

ನೀತಿ ಕಲಿಸಬೇಕೆಂದರೆ ಬಿಸಿಯೂಟದ ಸಾಲು ಸಾಕು. ಕೇರಿಯ ಮಗು, ಗೌಡರ ಮಗು, ಸಾಬರ ಮಗು ಪಕ್ಕಪಕ್ಕ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಎಷ್ಟೋ ಊರುಗಳ ದೇವಸ್ಥಾನದಲ್ಲಿ ಇವತ್ತಿಗೂ ಆಗದ ಕೆಲಸವಿದು. ದಲಿತ ಹೆಣ್ಣುಮಗಳು ಅಡುಗೆ ಮಾಡುತ್ತಾಳೆಂದು ಮಕ್ಕಳಿಗೆ ಊಟ ಬಿಡಿಸುವವರು ನಮ್ಮ ನಡುವೆಯೇ ಇದ್ದಾರೆ. ನೀತಿಪಾಠ ಮೊದಲು ಬೇಕಾಗಿರುವುದು ಅವರಿಗೆ.

ನಿಮ್ಮೂರ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗಿ. ಧರ್ಮದ ಪಾಠದ ಮಾತು ಬಂದರೆ ನಾಲ್ಕನೇ ತರಗತಿಯ ಮಗುವಿನ ಕೈಗೆ ಕನ್ನಡ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ. ಮಗು ತಡವರಿಸಿದರೆ ಕೇಳಬೇಕಾದದ್ದು ಹೊಸ ಪಾಠವನ್ನಲ್ಲ, ಇನ್ನೊಬ್ಬ ಮೇಷ್ಟ್ರನ್ನು.