ಎಲ್ಲಿ ಆಡಲಿ ಟೀಚರ್?

ನಮ್ಮ ಶಾಲೆಯ ಸ್ಟಾಫ್‌ರೂಮಿನ ಕಪಾಟಿನ ಮೇಲೆ, ಹಳೆಯ ಭೂಪಟಗಳ ಪಕ್ಕದಲ್ಲಿ, ಒಂದು ಸ್ಕೇಟ್‌ಬೋರ್ಡ್ ಐದು ತಿಂಗಳು ಬಿದ್ದಿತ್ತು. ಅದನ್ನು ಅಲ್ಲಿ ಇಟ್ಟವಳು ನಾನೇ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಗಾಲಿಕುರ್ಚಿಗೆಂದು ಕಟ್ಟಿದ ಇಳಿಜಾರಿನಲ್ಲಿ ಅದರ ಮೇಲೆ ನಿಂತು ಜಾರುತ್ತಿದ್ದಳು. ಊಟದ ಹೊತ್ತು, ಒಂದನೇ ಕ್ಲಾಸಿನ ಪುಟ್ಟವರು ಕೈ ತೊಳೆಯಲು ಓಡುವ ಜಾಗ. ಗದರಿಸಿ ಕಿತ್ತುಕೊಂಡೆ. "ಇಲ್ಲಿ ಇದೆಲ್ಲ ಆಗುವುದಿಲ್ಲ" ಎಂದೆ. ಅವಳು ಅಳಲಿಲ್ಲ. "ಹಾಗಾದರೆ ಎಲ್ಲಿ ಆಡಲಿ ಟೀಚರ್?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ. "ಮೊದಲು ಕ್ಲಾಸಿಗೆ ನಡಿ" ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಶಿಕ್ಷಕರು ಹೇಳುವ ಮಾತು ಅದು.

ಮರುದಿನ ತಾಯಿ ಬಂದರು. "ಅದು ನಿಮ್ಮ ಹತ್ತಿರವೇ ಇರಲಿ ಟೀಚರೇ. ಅವಳ ಮಾವ ದುಬೈಯಿಂದ ತಂದುಕೊಟ್ಟದ್ದು. ಸಣ್ಣವಳಿದ್ದಾಗ ಸರಿ, ಈಗ ದೊಡ್ಡವಳಾದಳು. ಹೋಗಿ ಬರುವವರೆಲ್ಲ ನೋಡುತ್ತಾರೆ" ಎಂದರು. ಇವರದೇ ಮಗ ಒಂಬತ್ತನೇ ಕ್ಲಾಸಿನವನು, ಕತ್ತಲಾಗುವವರೆಗೆ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾನೆ. ಅವನನ್ನು ಯಾರೂ ನೋಡುವುದಿಲ್ಲವೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ, ತಲೆಯಾಡಿಸಿದೆ. ಹಾಗಾಗಿ ಈ ತಪ್ಪಿನಲ್ಲಿ ನನಗೂ ಪಾಲಿದೆ.

ಆಟವೆಂದರೆ ಏನೆಂದು ತಿಳಿಯದೆ ಬೇಡವೆನ್ನುವುದು ನಮ್ಮ ಅಭ್ಯಾಸ. ನಿಜ ಹೇಳಬೇಕೆಂದರೆ ಈ ಚಕ್ರದ ಹಲಗೆ ಕಡಲತೀರದವರದ್ದೇ ಮಗು. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅಲೆ ಸವಾರಿ ಮಾಡುವ ಹುಡುಗರು ಅಲೆಯಿಲ್ಲದ ದಿನ ಬೇಸರ ಕಳೆಯಲು ಮರದ ಹಲಗೆಗೆ ಸ್ಕೇಟಿನ ಚಕ್ರ ಹೊಡೆದುಕೊಂಡರು. 1970ರ ದಶಕದಲ್ಲಿ ಪಾಲಿಯುರೆಥೇನ್ ಚಕ್ರ ಬಂದ ಮೇಲೆ ಹಲಗೆ ನೆಲವನ್ನು ಕಚ್ಚಿ ಹಿಡಿಯಿತು. ಅದೇ ದಶಕದ ಬರಗಾಲದಲ್ಲಿ ಅಲ್ಲಿನ ಮನೆಗಳ ಈಜುಕೊಳಗಳು ಬತ್ತಿದಾಗ, ಹುಡುಗರು ಆ ಬರಿದಾದ ಕೊಳಗಳಿಗಿಳಿದು ಗೋಡೆ ಹತ್ತಿದರು. ಊರಿನವರು ಅವರನ್ನು ಪುಂಡರೆಂದು ಓಡಿಸಿದರು. ಕೊನೆಗೆ 2009ರಲ್ಲಿ ಅಲ್ಲಿನ ವೆನಿಸ್ ಬೀಚಿನ ಮರಳಿನ ನಡುವೆಯೇ ಕಾಂಕ್ರೀಟಿನ ಸ್ಕೇಟ್ ಪಾರ್ಕು ತೆರೆಯಿತು. ಓಡಿಸಿ ಸಾಕಾದ ಮೇಲೆ ಜಾಗ ಕೊಟ್ಟರು. ನಮಗೂ ಅಷ್ಟು ವರ್ಷ ಬೇಕೇ?

ನಮ್ಮ ಪಣಂಬೂರಿನಲ್ಲೇ 2023ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ನೀರಿನ ಮೇಲೆ ಹಲಗೆ ಹತ್ತಿದವರಿಗೆ ಚಪ್ಪಾಳೆ ತಟ್ಟಿದ ಊರು ನೆಲದ ಮೇಲೆ ಹಲಗೆ ಹತ್ತಿದ ಹುಡುಗಿಗೆ ಗದರುತ್ತದೆ.

"ಅದು ಹೆಣ್ಣುಮಕ್ಕಳ ಆಟವಲ್ಲ" ಎನ್ನುವವರಿಗೆ ಮೂರು ಮಾತು. ಟೋಕಿಯೋ ಒಲಿಂಪಿಕ್ಸಿನಲ್ಲಿ, 2021ರಲ್ಲಿ, ಈ ಆಟ ಮೊದಲ ಬಾರಿಗೆ ಸೇರಿದಾಗ ಮಹಿಳೆಯರ ಸ್ಟ್ರೀಟ್ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಗೆ 13 ವರ್ಷ. ಬೆಳ್ಳಿ ಗೆದ್ದ ಬ್ರೆಜಿಲ್‌ನ ರೈಸ್ಸಾ ಲಿಯಾಲ್‌ಗೂ 13. ನಾವು "ದೊಡ್ಡವಳಾದಳು" ಎಂದು ಹಲಗೆ ಕಸಿಯುವ ವಯಸ್ಸು ಅದು. ಎರಡನೆಯದು, ನಮ್ಮ ಪಕ್ಕದ ತಮಿಳುನಾಡಿನ ಮಹಾಬಲಿಪುರಂನದು. ಅಲ್ಲಿನ ಕಮಲಿ ಎಂಬ ಪುಟ್ಟ ಹುಡುಗಿ ಫ್ರಾಕು ತೊಟ್ಟು ಬರಿಗಾಲಲ್ಲಿ ಸ್ಕೇಟ್‌ಬೋರ್ಡ್ ಹತ್ತಿದ ಚಿತ್ರ ಲೋಕವೆಲ್ಲ ಸುತ್ತಿತು. ಅವಳನ್ನೂ ಅವಳ ತಾಯಿಯನ್ನೂ ಕುರಿತ 'ಕಮಲಿ' ಎಂಬ ಕಿರುಚಿತ್ರ 2020ರಲ್ಲಿ ಬಾಫ್ಟಾ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. (ಬರಿಗಾಲು ಮಾತ್ರ ನನಗೆ ಒಪ್ಪಿಗೆಯಿಲ್ಲ.) ಮೂರನೆಯದು ನನ್ನ ಮನಸ್ಸಿಗೆ ಹತ್ತಿರದ್ದು. ಮಧ್ಯಪ್ರದೇಶದ ಜನವಾರ್ ಎಂಬ ಹಳ್ಳಿಯಲ್ಲಿ 2015ರಲ್ಲಿ ಸ್ಕೇಟ್ ಪಾರ್ಕು ಕಟ್ಟಿದವರು ಎರಡು ನಿಯಮ ಮಾಡಿದರು: ಶಾಲೆಗೆ ಹೋಗದವರಿಗೆ ಸ್ಕೇಟ್‌ಬೋರ್ಡಿಲ್ಲ, ಸರದಿಯಲ್ಲಿ ಹುಡುಗಿಯರು ಮೊದಲು. ನಾನು ಆಟವೆಂದರೆ ಪಾಠದ ಶತ್ರು ಎಂದು ತಿಳಿದಿದ್ದೆ. ಅಲ್ಲಿ ಆಟವೇ ಮಕ್ಕಳನ್ನು ಶಾಲೆಗೆ ಕಳಿಸಲು ನಿಂತಿತು.

"ಕೈಕಾಲು ಮುರಿದರೆ?" ಇದು ತಾಯಂದಿರ ಮಾತು, ನಗಾಡುವಂಥದ್ದಲ್ಲ. ಬೀಳುವುದಂತೂ ಖಂಡಿತ. ಆದ್ದರಿಂದ ಬೀಳುವುದನ್ನೇ ಮೊದಲು ಕಲಿಸಬೇಕು. ಮಂಡಿ ಬಗ್ಗಿಸಿ, ಮೈ ತಗ್ಗಿಸಿ, ಭುಜದ ಮೇಲೆ ಉರುಳಬೇಕು. ಅಂಗೈ ಚಾಚಿ ನೆಲಕ್ಕೆ ಊರಿದರೆ ಮಣಿಕಟ್ಟಿಗೆ ಪೆಟ್ಟು. ತಲೆಗೆ ಹೆಲ್ಮೆಟ್, ಮಂಡಿ, ಮೊಣಕೈ, ಮಣಿಕಟ್ಟಿಗೆ ಪಟ್ಟಿ, ಕಾಲಿಗೆ ಚಪ್ಪಟೆ ತಳದ ಶೂ. ಮೊದಲ ಕೆಲವು ದಿನ ಸಮತಟ್ಟಾದ ನೆಲದಲ್ಲಿ ನಿಲ್ಲುವುದು, ಒಂದು ಕಾಲಿಂದ ನೂಕುವುದು, ಆ ಕಾಲನ್ನೇ ನೆಲಕ್ಕೆ ಉಜ್ಜಿ ನಿಲ್ಲಿಸುವುದು, ಇಷ್ಟೇ. ನಿಲ್ಲಿಸಲು ಬಾರದವರು ಇಳಿಜಾರಿಗೆ ಹೋಗಲೇಬಾರದು. ನಮ್ಮ ಲೈಟ್‌ಹೌಸ್ ಹಿಲ್‌ನಂಥ, ಬಸ್ಸು ಓಡುವ ಏರು ರಸ್ತೆಗಳಂತೂ ಕಲಿತವರಿಗೂ ಬೇಡ. ಈ ವಿಷಯದಲ್ಲಿ ನಾನು ತಾಯಂದಿರ ಪಕ್ಷ.

ಹಾಗಾದರೆ ಎಲ್ಲಿ? ಕಡಲ ಮರಳಿನಲ್ಲಿ ಚಕ್ರ ತಿರುಗದು. ಇಂಟರ್‌ಲಾಕ್ ಹಾಸಿದ ಫುಟ್‌ಪಾತಿನ ಸಂದಿನಲ್ಲಿ ಸಣ್ಣ ಗಟ್ಟಿ ಚಕ್ರ ತಡವರಿಸುತ್ತದೆ, ಅಲ್ಲದೆ ಅದು ಮುದುಕರು ನಡೆಯುವ ಜಾಗ. ಈ ಹಲಗೆಗೆ ಬೇಕಾದದ್ದು ನುಣ್ಣನೆಯ ಒಣ ಸಿಮೆಂಟು ನೆಲ. ಅದು ಪ್ರತಿ ಶಾಲೆಯಲ್ಲೂ ಇದೆ, ಭಾನುವಾರ ಬೀಗ ಹಾಕಿಕೊಂಡು. ಮಳೆಗಾಲದ ನಾಲ್ಕು ತಿಂಗಳಿಗೆ ಶಾಲೆಯ ಮುಚ್ಚಿದ ಸಭಾಂಗಣ ಇದೆ, ವರ್ಷಕ್ಕೊಮ್ಮೆ ವಾರ್ಷಿಕೋತ್ಸವಕ್ಕೆ ತೆರೆದುಕೊಂಡು. ಕಡಲತೀರವನ್ನು ಚಂದಗೊಳಿಸುವವರು ಸೆಲ್ಫಿಗೆ ಕಟ್ಟೆ ಕಟ್ಟುತ್ತಾರೆ. ಅದರ ಪಕ್ಕ ಮಕ್ಕಳಿಗೆ ಬಳಸಲು ಒಂದು ಸಿಮೆಂಟಿನ ಅಂಗಳ, ನಾಲ್ಕು ತಗ್ಗು ದಿಬ್ಬ ಮಾಡಿದರೆ ಯಾರ ಗಂಟು ಹೋಗುತ್ತದೆ? ಕೇಳಿದವರಿಲ್ಲ, ಅದಕ್ಕೇ ಆಗಿಲ್ಲ. ವಾರ್ಡ್ ಸಭೆಯಲ್ಲಿ ಚರಂಡಿ, ದಾರಿದೀಪ ಕೇಳುವ ನಾವು ಹೆಂಗಸರು ಇದನ್ನೂ ಕೇಳೋಣ. "ಇಲ್ಲಿ ಬೇಡ" ಎನ್ನುವವರಿಗೆ "ಅಲ್ಲಿ ಆಡು" ಎಂದು ಜಾಗ ತೋರಿಸುವ ಹೊಣೆಯೂ ಇದೆ.

ಕಳೆದ ತಿಂಗಳು ಹಲಗೆಯನ್ನು ಕೆಳಗಿಳಿಸಿದೆ. ಕಡಲ ಉಪ್ಪುಗಾಳಿಗೆ ಬೇರಿಂಗು ತುಕ್ಕು ಹಿಡಿದು ಒಂದು ಚಕ್ರ ತಿರುಗುತ್ತಲೇ ಇರಲಿಲ್ಲ. ಸೈಕಲ್ ರಿಪೇರಿಯವನು ಸೀಮೆಎಣ್ಣೆಯಲ್ಲಿ ತೊಳೆದು ಎಣ್ಣೆ ಬಿಟ್ಟುಕೊಟ್ಟ. ಮುಖ್ಯೋಪಾಧ್ಯಾಯಿನಿಯವರಲ್ಲಿ ಭಾನುವಾರ ಬೆಳಿಗ್ಗೆಗೆ ಗೇಟಿನ ಬೀಗದ ಕೈ ಕೇಳಿದೆ; "ನೀವು ಕೂತಿರುವುದಾದರೆ ಸರಿ" ಎಂದರು. ತಾಯಿಗೆ ಹೇಳಲು ಹೆಚ್ಚು ಹೊತ್ತು ಹಿಡಿಯಿತು. ಕೊನೆಗೆ, "ನೀವಿರುತ್ತೀರಲ್ಲ, ಒಂದು ಗಂಟೆ ಮಾತ್ರ" ಎಂದರು.

ಈಗ ಭಾನುವಾರ ಏಳು ಗಂಟೆಗೆ ನಾನು ಶಾಲೆಯ ಜಗಲಿಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತ ಕೂತಿರುತ್ತೇನೆ. ಮೊದಲ ವಾರ ಅವಳೊಬ್ಬಳೇ ಇದ್ದಳು. ಈಗ ಐದು ಹುಡುಗಿಯರು, ಹಲಗೆ ಒಂದೇ. ಸರದಿ ಕಾಯುತ್ತಾರೆ. ಅವಳ ಅಣ್ಣನೂ ಬರುತ್ತಾನೆ. ಅವನಿಗೆ ಕೊನೆಯ ಸರದಿ.